ಕುಳಿತವರಿಗೆ ಬಟ್ಟೆ ಹೊಲಿದವರು

ಅವರ ಎರಡೂ ಅಂಗೈಗಳ ಬುಡದಲ್ಲಿ, ಮಣಿಕಟ್ಟಿಗೆ ಹತ್ತಿಕೊಂಡು, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಟೇಲರ್ ಕೈ ಅಂದರೆ ಹೆಬ್ಬೆರಳಿನ ಮೇಲೆ ಕತ್ತರಿಯ ಗುರುತು, ತೋರುಬೆರಳಿನಲ್ಲಿ ಸೂಜಿ ಚುಚ್ಚಿದ ಚುಕ್ಕೆಗಳು. ಅವೂ ಇದ್ದವು. ಆದರೆ ಈ ಜಡ್ಡು ಬೇರೆ ಟೇಲರ್‌ಗಳ ಕೈಯಲ್ಲಿ ಇರುವುದಿಲ್ಲ. ಗಾಲಿಕುರ್ಚಿಯ ಎರಡೂ ತೋಳುಗಳ ಮೇಲೆ ಅಂಗೈ ಊರಿ, ದಿನಕ್ಕೆ ನಲವತ್ತು ಸಲ ತನ್ನ ಇಡೀ ಮೈಯನ್ನು ಮೇಲೆತ್ತಿ ಹಿಡಿಯುವವರಿಗೆ ಮಾತ್ರ ಅದು ಬರುತ್ತದೆ. ಈಗ ನನಗೂ ಬಂದಿದೆ. ಅವರದರಷ್ಟು ಕಪ್ಪಾಗಿಲ್ಲ, ಅಷ್ಟು ದಪ್ಪವೂ ಇಲ್ಲ. ಹೋಲಿಸಿ ನೋಡಿಯೇ ಹೇಳುತ್ತಿದ್ದೇನೆ.

ಹೋಲಿಸುವುದು ನನ್ನ ಕಸುಬು. ತಿಕೋಟಾದ ಎರಡು ಖೋಲಿಯ ಮನೆಯಲ್ಲಿ ಹುಟ್ಟಿ, ದ್ರಾಕ್ಷಿ ಒಣಗಿಸುವ ರೈತರಿಗೂ ಒಣದ್ರಾಕ್ಷಿ ಕೊಳ್ಳುವ ವ್ಯಾಪಾರಿಗಳಿಗೂ ನಡುವೆ ನಿಂತು ಸೌದಾ ಕುದುರಿಸಿ, ವಿಜಯಪುರದ ಜಲನಗರದಲ್ಲಿ ಸ್ವಂತ ಮನೆ ಕಟ್ಟಿದವನು ನಾನು. ಯಾರಿಂದಲೂ ಏನನ್ನೂ ಪುಕ್ಕಟೆ ತೆಗೆದುಕೊಂಡಿಲ್ಲ. ಮಾಲನ್ನು ಕೈಯಲ್ಲಿ ಹಿಡಿದು ನೋಡದೆ ಮಾತಾಡಿಲ್ಲ. ಹಾಗೆ ನೋಡಲು ಹೋಗಿಯೇ ಐದು ವರ್ಷದ ಕೆಳಗೆ ಒಂದು ಶೆಡ್ಡಿನ ಮೇಲಿನ ಅಂತಸ್ತಿಗೆ ಏರಿ, ಜಾಳಿಗೆಯ ಮೇಲೆ ಹರಡಿದ್ದ ದ್ರಾಕ್ಷಿ ಎಷ್ಟು ಒಣಗಿದೆ ಎಂದು ಹಿಸುಕುವಾಗ ಕಾಲು ಜಾರಿ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳದಿಂದ ಕೆಳಗೆ ನನ್ನ ಮೈ ನನ್ನದಲ್ಲದಂತಾಯಿತು. ಇರುವೆ ಕಚ್ಚಿದರೂ ಗೊತ್ತಾಗದು, ಬಿಸಿ ಚಹಾ ಚೆಲ್ಲಿದರೂ ಗೊತ್ತಾಗದು.

ಕಾಲು ಹೋದದ್ದು ಎಲ್ಲರಿಗೂ ಕಾಣುತ್ತದೆ. ಚರ್ಮ ಹೋಗುವುದು ಯಾರಿಗೂ ಕಾಣುವುದಿಲ್ಲ. ಆರೋಗ್ಯವಂತ ಮನುಷ್ಯ ಕುಳಿತಲ್ಲಿ ತನಗೇ ಗೊತ್ತಿಲ್ಲದಂತೆ ಅತ್ತಿತ್ತ ಸರಿಯುತ್ತಿರುತ್ತಾನೆ. ಉರಿ ಹತ್ತಿದರೆ ಏಳುತ್ತಾನೆ. ನಮಗೆ ಉರಿಯೇ ಹತ್ತುವುದಿಲ್ಲ. ಎಲುಬು ಚರ್ಮವನ್ನು ಕುರ್ಚಿಗೆ ಒತ್ತಿ ಹಿಡಿದರೆ ಅಲ್ಲಿ ರಕ್ತ ಓಡುವುದಿಲ್ಲ. ರಕ್ತ ಓಡದ ಮಾಂಸ ಒಳಗಿನಿಂದಲೇ ಸಾಯುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ದರೆ ನನ್ನ ಮಾತು ಕೇಳಿ, ಎಲ್ಲಕ್ಕಿಂತ ಮೊದಲು ಹಿಡಿಕೆ ಇರುವ ಒಂದು ಕನ್ನಡಿ ತನ್ನಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಅವರ ಕೆಳಬೆನ್ನು, ಪಿರ್ರೆ, ಹಿಮ್ಮಡಿ ನೋಡಿ. ಕೆಂಪು ಕಂಡು ಒತ್ತಿದರೂ ಬಿಳಿಚದಿದ್ದರೆ ಆ ಜಾಗದ ಮೇಲೆ ಭಾರ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಇದನ್ನು ಆಸ್ಪತ್ರೆಯಲ್ಲಿ ನನಗೂ ಹೇಳಿದ್ದರು. ನಾನು ಕೇಳಲಿಲ್ಲ.

ಕೇಳದಿರುವುದಕ್ಕೆ ನಮ್ಮ ಕಸುಬಿನ ಒಂದು ರಿವಾಜು ಕಾರಣ. ದರ ಕುದುರುವ ತನಕ ದಲಾಲ ಆಸನ ಬಿಟ್ಟು ಏಳಬಾರದು. ಎದ್ದರೆ ಸೌದಾ ಮುರಿಯಿತು ಎಂದೇ ಅರ್ಥ. ನೀರಡಿಕೆಯಾದರೂ ಏಳದೆ ಕೂಡುವ ನನ್ನನ್ನು ತಿಕೋಟಾ ಕಡೆ 'ಗೂಟ' ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯಿಂದ ಬಂದ ಎರಡು ತಿಂಗಳಿಗೆ ನಾನು ಜಲನಗರದ ಮನೆಯ ಪಡಸಾಲೆಯಲ್ಲಿ ಗಾಲಿಕುರ್ಚಿ ಹಾಕಿಸಿಕೊಂಡು ಸೌದಾ ಶುರು ಮಾಡಿದೆ. ಕಾಲಿಲ್ಲದ ಗೂಟ ಇನ್ನೂ ಗಟ್ಟಿ ಎಂದು ತೋರಿಸಬೇಕಿತ್ತು. ಮೊದಲನೆಯ ಸೌದಾಕ್ಕೆ ಮುಂಜಾನೆಯಿಂದ ಮಧ್ಯಾಹ್ನದ ಊಟದ ಹೊತ್ತಿನ ತನಕ ಅಲುಗದೆ ಕುಳಿತೆ. ಸೌದಾ ಕುದುರಿತು. ಮರುದಿನ ನನ್ನ ಹೆಂಡತಿ ಬಟ್ಟೆ ಬದಲಿಸುವಾಗ ಬಲಗಡೆ ಕೂಡುವ ಎಲುಬಿನ ಮೇಲೆ ನೇರಳೆಹಣ್ಣಿನ ಬಣ್ಣದ ಕಲೆ ನೋಡಿದಳು.

"ಇದೇನ್ರೀ ಇದು?" ಅಂದಳು.

"ಏನಿಲ್ಲ, ಅರಿಷಿಣ ಹಚ್ಚು," ಅಂದೆ.

ಸ್ಟೇಷನ್ ರಸ್ತೆಯಿಂದ ಗಾಳಿ ತುಂಬುವ ದುಂಡನೆಯ ರಬ್ಬರ್ ರಿಂಗ್ ತರಿಸಿ ಅದರ ಮೇಲೆ ಕುಳಿತೆ. ದಯವಿಟ್ಟು ಯಾರೂ ಆ ತಪ್ಪು ಮಾಡಬೇಡಿ. ನಡುವೆ ತೂತಿರುವ ರಿಂಗು ಗಾಯದ ಸುತ್ತಲಿನ ರಕ್ತವನ್ನು ಇನ್ನಷ್ಟು ಬಿಗಿದು ನಿಲ್ಲಿಸುತ್ತದೆ. ಹದಿನೈದು ದಿನದಲ್ಲಿ ಕಲೆ ಒಡೆದು ಹುಣ್ಣಾಯಿತು. ತಿಂಗಳಲ್ಲಿ ನನ್ನ ಹೆಂಡತಿಯ ಹೆಬ್ಬೆರಳು ಇಳಿಯುವಷ್ಟು ಆಳವಾಯಿತು. ಡಾಕ್ಟರ್ ಸತ್ತ ಮಾಂಸ ಕತ್ತರಿಸಿ ತೆಗೆದು, "ಎಲುಬಿಗೆ ಹತ್ತಿದರೆ ಜೀವಕ್ಕೇ ಬರುತ್ತದೆ. ಬೋರಲು ಮಲಗಿ. ಕೂಡುವ ಮಾತು ಸದ್ಯ ಬೇಡ," ಅಂದರು. ಎಷ್ಟು ದಿನ ಎಂದು ಕೇಳಿದೆ. ಅವರು ದಿನ ಹೇಳಲಿಲ್ಲ. ಚೌಕಾಸಿಗೆ ಬಗ್ಗದ ಮನುಷ್ಯನನ್ನು ನಾನು ಮೊದಲ ಸಲ ಕಂಡದ್ದು ಆಗ.

ಟೇಲರ್ ನನಗೆ ಸಿಕ್ಕಿದ್ದು ಡ್ರೆಸ್ಸಿಂಗ್ ಮಾಡಿಸುವ ಒಂದು ಸಣ್ಣ ದವಾಖಾನೆಯಲ್ಲಿ. ನಾನು ಸ್ಟ್ರೆಚರ್ ಮೇಲೆ ಕಪ್ಪೆಯ ಹಾಗೆ ಬೋರಲು ಬಿದ್ದಿದ್ದೆ. ಬಾಗಿಲ ಹೊರಗೆ, ಹಿಂದೆ ಎರಡು ಹೆಚ್ಚಿನ ಗಾಲಿ ಹಾಕಿಸಿದ ಸ್ಕೂಟರ್ ಬಂದು ನಿಂತಿತು. ಅದರಿಂದ ಒಬ್ಬ ಮನುಷ್ಯ, ನನ್ನದೇ ವಯಸ್ಸಿನವರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಯಾರ ಕೈಯನ್ನೂ ಹಿಡಿಯದೆ ಗಾಲಿಕುರ್ಚಿಗೆ ದಾಟಿ ಒಳಗೆ ಬಂದರು. ಮೂತ್ರದ ನಳಿಕೆಯ ಸಾಮಾನು ಒಯ್ಯಲು ಬಂದಿದ್ದರಂತೆ. ಕುರ್ಚಿ ನಿಂತ ಜಾಗದಲ್ಲೇ ಅಂಗೈ ಊರಿ ಮೈಯೆತ್ತಿ, ಹಾಗೆಯೇ ತೇಲಿಕೊಂಡು, ಸಿಸ್ಟರ್ ಜೊತೆ ಮಾತಾಡಿದರು. ಇಳಿದರು. ಸಿಸ್ಟರ್ ನನ್ನ ಕಡೆ ತಿರುಗಿ, "ಇವರನ್ನ ನೋಡಿ ಕಲೀರಿ ಅಣ್ಣಾರ. ಏಳು ವರ್ಷ ಆತು, ಒಂದ ಹುಣ್ಣ ಆಗಿಲ್ಲ," ಅಂದಳು.

ಯಾರಾದರೂ ನನಗೆ ಇನ್ನೊಬ್ಬರನ್ನು ನೋಡಿ ಕಲಿ ಅಂದರೆ ಆ ಇನ್ನೊಬ್ಬರ ಮೇಲೆ ನನಗೆ ಹಗೆ ಹುಟ್ಟುತ್ತದೆ. ಸಾಲೆಯಿಂದಲೂ ಹಾಗೆ.

ಅವರು ಸ್ಟ್ರೆಚರ್ ಹತ್ತಿರ ಬಂದು, "ಎಷ್ಟ ಆಳ ಐತ್ರಿ?" ಅಂದರು.

"ನಿಮಗ್ಯಾಕ ಬೇಕ್ರಿ?"

"ಅಳತಿ ತಗೊಳ್ಳೂದು ಚಟ ಆಗೇತ್ರಿ. ಟೇಲರ್ ಅದೀನಿ, ಸ್ಟೇಷನ್ ರೋಡ್‌ನ್ಯಾಗ ಅಂಗಡಿ ಐತಿ."

ನನ್ನ ಪ್ಯಾಂಟು ಸ್ಟ್ರೆಚರ್ ಕಂಬಿಯ ಮೇಲೆ ಮಡಚಿ ಇಟ್ಟಿತ್ತು. ಅದನ್ನು ಎತ್ತಿ ಹಿಡಿದು, ಹಿಂದಿನ ಕಿಸೆಯೊಳಗೆ ಎರಡು ಬೆರಳು ಹಾಕಿ ನನ್ನ ದಪ್ಪನೆಯ ಡೈರಿ ಹೊರಗೆಳೆದರು. ಡೈರಿಯನ್ನೂ ನನ್ನ ಪಟ್ಟಿ ಕಟ್ಟಿದ ಜಾಗವನ್ನೂ ಒಮ್ಮೆ ನೋಡಿದರು. ಕಿಸೆಯೂ ಹುಣ್ಣೂ ಎರಡೂ ಬಲಗಡೆ. ಡೈರಿ ನನ್ನ ತಲೆಯ ಹತ್ತಿರ ಇಟ್ಟು ಹೋದರು. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ.

ಆಮೇಲೆ ನನ್ನ ಮನೆಯಲ್ಲಿ ಅವರದೇ ಮಾತು. ದವಾಖಾನೆಯಲ್ಲಿ ನನ್ನ ಹೆಂಡತಿಗೆ ಅವರ ಹೆಂಡತಿಯ ಗುರುತಾಗಿತ್ತು. ನಾನು ಮಂಚದ ಮೇಲೆ ಬೋರಲು ಬಿದ್ದು ನೆಲದ ಫರಸಿ ಎಣಿಸುತ್ತಿದ್ದರೆ ಇವಳು ಸುದ್ದಿ ತರುತ್ತಿದ್ದಳು. ಟೇಲರ್ ತಮ್ಮ ಹೊಲಿಗೆ ಮಷಿನಿನ ಕಾಲಿನ ಸ್ವಿಚ್ಚನ್ನು ಕಿತ್ತು ಮೊಣಕೈಗೆ ಬರುವಂತೆ ಮೇಲೆ ಕೂಡಿಸಿಕೊಂಡಿದ್ದಾರೆ. ಒಂದು ತೋಳು ಹೊಲಿದರೆ ಅಂಗೈ ಊರಿ ಒಮ್ಮೆ ಏಳುತ್ತಾರೆ, ಒಂದು ಕಾಲರ್ ಹಚ್ಚಿದರೆ ಒಮ್ಮೆ ಏಳುತ್ತಾರೆ. ಕೈ ಸೋತರೆ ಎದೆಯನ್ನು ಮೇಜಿಗೆ ಹಚ್ಚಿ ಮುಂದಕ್ಕೆ ಬಾಗಿ ನೂರರ ತನಕ ಎಣಿಸುತ್ತಾರೆ. ರವಿವಾರ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಭೂತನಾಳ ಕೆರೆಗೆ ಹೋಗುತ್ತಾರೆ.

"ಕೆರಿಗೆ?" ಅಂದೆ.

"ಹೂನ್ರಿ. ಶೇಂಗಾ ತಿಂದು ಬರ್ತಾರಂತ."

ನನ್ನ ಮನೆಯ ಮುಂದೆ ಕಾರು ನಿಂತಿತ್ತು. ಅದರಲ್ಲಿ ಕುಳಿತುಕೊಳ್ಳಲು ನನಗೆ ಚರ್ಮ ಇರಲಿಲ್ಲ. ಆ ಮನುಷ್ಯನ ಶೇಂಗಾದ ಮೇಲೆ, ಕೆರೆಯ ಮೇಲೆ, ಅವರ ಹೆಂಡತಿಯ ನಗುವಿನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ನನ್ನ ಎದುರಾಳಿ ವ್ಯಾಪಾರಿಗಳು ಬಂಗಲೆ ಕಟ್ಟಿದಾಗಲೂ ನನಗೆ ಅಷ್ಟು ಆಗಿರಲಿಲ್ಲ.

ಒಂದು ದಿನ ಹೆಂಡತಿ ನನ್ನನ್ನು ಕೇಳದೆ ಅವರನ್ನು ಮನೆಗೆ ಕರೆಸಿದಳು, ಹೊಸ ಪ್ಯಾಂಟಿನ ಅಳತೆಗೆ ಎಂದು. ಕೊರಳಲ್ಲಿ ಟೇಪು ಹಾಕಿಕೊಂಡು ಬಂದರು. ಬೋರಲು ಬಿದ್ದವನ ಅಳತೆ ತೆಗೆದುಕೊಳ್ಳುವುದಕ್ಕೆ ಅವರಿಗೇನೂ ತೊಂದರೆ ಇದ್ದಂತೆ ಕಾಣಲಿಲ್ಲ. ಸೊಂಟ, ತೊಡೆ, ಕುಳಿತಾಗ ಮೊಣಕಾಲು ಮಡಚುವ ಜಾಗ.

"ಹಿಂದ ಕಿಸೆ ಇರಂಗಿಲ್ರಿ ಸಾವಕಾರ್ರ. ಕುಂಡಿ ಕೆಳಗ ದಪ್ಪ ಹೊಲಿಗಿನೂ ಇರಂಗಿಲ್ಲ. ಹಿಂದ ಸ್ವಲ್ಪ ಎತ್ತರ, ಮುಂದ ಸ್ವಲ್ಪ ಇಳಕಲು ಇಡ್ತೀನಿ. ಸುಕ್ಕ ಬೀಳಬಾರದು. ಬಟ್ಟಿ ಎಲ್ಲಿ ಜಗ್ಗತೈತಿ ಅಲ್ಲೇ ಹರೀತೈತಿ, ಚರ್ಮಾನೂ ಹಂಗ."

"ಕಿಸೆ ಬೇಕ್ರಿ," ಅಂದೆ. "ಮೂವತ್ತ ವರ್ಷದಿಂದ ಡೈರಿ ಅಲ್ಲೇ ಇಟ್ಟೀನಿ."

"ನಾ ಈ ಪ್ಯಾಂಟ ಹೊಲಿಯೂದು ಕುಂದ್ರೂ ಮನಷ್ಯಾಗ್ರಿ."

"ನಾ ನಿಂದ್ರೂ ಮನಷ್ಯಾ. ಇವತ್ತಲ್ಲಾ ನಾಳಿ ನಿಂದರ್ತೀನಿ."

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬಿದ್ದ ದಿನದಿಂದ ಆ ತನಕ ಯಾರೂ ನನ್ನೆದುರು ಆ ಮಾತಿಗೆ ಹೌದು ಅಥವಾ ಇಲ್ಲ ಅಂದಿರಲಿಲ್ಲ. ಟೇಲರ್ ಟೇಪನ್ನು ಸುತ್ತಿ ಬೆರಳಿಗೆ ಹಾಕಿಕೊಂಡು, "ನಿಂತ ದಿನಾ ಕಿಸೆ ಇರೂದು ಇನ್ನೊಂದು ಪುಕ್ಕಟೆ ಹೊಲದ ಕೊಡ್ತೀನಿ. ಅಲ್ಲೀ ಮಟಾ ಇದನ್ನ ಹಾಕ್ಕೋರಿ. ಸೌದಾ ಆತೇನು?" ಅಂದರು.

ನಾನು ಆಗಲಿ ಅನ್ನಬೇಕಾಯಿತು. ಅದಕ್ಕಿಂತ ನ್ಯಾಯದ ಸೌದಾ ಆ ವರ್ಷ ಯಾರೂ ನನ್ನ ಮುಂದಿಟ್ಟಿರಲಿಲ್ಲ. ಆದರೆ ಸೋತು ಸುಮ್ಮನಿರುವುದು ನನ್ನ ಜಾಯಮಾನ ಅಲ್ಲ. ಅವರ ಚರ್ಮದ ಮಾತು ನನ್ನೊಳಗೆ ಕುದಿಯುತ್ತಲೇ ಇತ್ತು. ಕೇಳಿಬಿಟ್ಟೆ.

"ಏಳು ವರ್ಷ ಒಂದ ಹುಣ್ಣಿಲ್ಲ ಅಂತಾರ. ನಾ ಮಾಲ ನೋಡಲಾರದ ನಂಬೂದಿಲ್ಲ. ನಿಮ್ಮ ಬೆನ್ನ ತೋರಸ್ರಿ."

ಹೆಂಡತಿ, "ಅಯ್ಯ, ಇವರಿಗೇನ ತಲಿ ಕೆಟ್ಟೈತೇನು," ಅಂದಳು. ಟೇಲರ್ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. "ತೋರಸ್ತೀನಿ. ಮೊದಲ ನಿಮ್ಮದು ತೋರಸ್ರಿ. ಮಾಲಿಗೆ ಮಾಲು," ಅಂದರು.

ಹೆಂಡತಿ ಡ್ರೆಸ್ಸಿಂಗ್ ಬಿಚ್ಚಿ, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಟೇಲರ್ ಹುಣ್ಣನ್ನು ಮುಟ್ಟದೆ, ಹತ್ತಿರದಿಂದ, ಬಟ್ಟೆಯ ನೇಯ್ಗೆ ನೋಡುವವರ ಹಾಗೆ ನೋಡಿದರು. "ತಳದಾಗ ಕೆಂಪು ಬಂದೈತ್ರಿ. ಹಸಿ ಮಾಂಸ ಅದು, ಛಲೋ ಗುರ್ತು. ಹೆಸರಕಾಳು, ಶೇಂಗಾ, ಮೊಸರು, ಹಾಲು ಜಾಸ್ತಿ ತಿನ್ರಿ. ಗಾಯ ಒಳಗಿನಿಂದ ತುಂಬಬೇಕು. ತುಂಬಾಕ ಮಾಲ ಬೇಕಲ್ಲ," ಅಂದರು. ಆಮೇಲೆ ಕುರ್ಚಿಯನ್ನು ಮಂಚಕ್ಕೆ ತಾಗಿಸಿ, ತೋಳಿನ ಬಲದಿಂದ ಪಕ್ಕಕ್ಕೆ ಸರಿದು, ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿಟ್ಟುಕೊಂಡು ನನ್ನ ಪಕ್ಕದಲ್ಲೇ ಬೋರಲಾಗಿ, ಪ್ಯಾಂಟು ಜಗ್ಗಿ ಸರಿಸಿದರು.

ಕಲೆ ಇತ್ತು. ನನ್ನ ಹುಣ್ಣಿಗಿಂತ ದೊಡ್ಡದು. ಬಿಳಿಚಿಕೊಂಡು, ನಡುವೆ ತಗ್ಗು ಬಿದ್ದು, ಅಂಚು ಸುಕ್ಕುಗಟ್ಟಿ, ರಫು ಮಾಡಿದ ಬಟ್ಟೆಯ ಹಾಗೆ.

"ಮತ್ತ ಆಗಿಲ್ಲ ಅಂತ ಸಿಸ್ಟರ್ ಅಂದ್ಲಲ್ಲ?"

"ಏಳು ವರ್ಷದಿಂದ ಆಗಿಲ್ಲ ಅಂದಾಳ್ರಿ. ಅದಕಿಂತ ಮೊದಲ ಆಗೇತಿ. ನೀವು ದಲಾಲರು ಪೂರಾ ಮಾತ ಕೇಳೂದ ಇಲ್ಲ."

ದಿಂಬಿಗೆ ಗಲ್ಲ ಆನಿಸಿ ಹಾಗೆಯೇ ಹೇಳಿದರು. ಬಬಲೇಶ್ವರ ಅವರ ಊರು. ಅಲ್ಲಿ ಅಂಗಡಿ ಇತ್ತು. ಒಂದು ಸಂಜೆ ಊರಿನ ದಾರಿಯಲ್ಲಿ ಬೈಕಿಗೆ ಎಮ್ಮೆ ಅಡ್ಡ ಬಂದು ಬೆನ್ನು ಮುರಿಯಿತು. ಮುಂದೆ ಕೆಲವೇ ತಿಂಗಳಿಗೆ ಮದುವೆಯ ಸೀಜನ್. "ಕಾಲ ಹೋದ್ರ ಏನಾತು, ಕೈ ಐತಿ ಅಂತ ಊರಿಗೆ ತೋರಸಬೇಕಿತ್ರಿ. ಕುಂತೆ ನೋಡ್ರಿ. ಊಟಕ್ಕೂ ಸರದಿಲ್ಲ. ಸೀಜನ್ ಮುಗಿಯೂದ್ರಾಗ ಎಲುಬ ಕಂಡಿತ್ತು. ಎಂಟ ತಿಂಗಳು ಹಿಂಗ ಬಿದ್ದಿದ್ದೆ. ಗಿರಾಕಿ ಎಲ್ಲಾ ಹ್ವಾದ್ರು, ಆಕಿ ಒಬ್ಬಾಕಿ ಉಳದ್ಲು." ಆಕಿ ಅಂದರೆ ಅವರ ಹೆಂಡತಿ.

ಆಗ ನನ್ನ ಹೆಂಡತಿ ಚಹಾ ಹಿಡಿದು ಬಂದವಳು ನಮ್ಮಿಬ್ಬರನ್ನೂ ನೋಡಿ, "ಕೃಷ್ಣಾ ಹೊಳಿ ದಂಡ್ಯಾಗ ಎರಡ ಮೊಸಳಿ ಬಿದ್ದಂಗ ಬಿದ್ದೀರಿ," ಅಂದಳು. ಮೂವರೂ ನಕ್ಕೆವು. ಆ ಮಂಚದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆದರೂ ನಿಜ ಹೇಳುತ್ತೇನೆ. ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಏನೂ ಆಗದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ಅವರ ನಸೀಬು ಅಂದುಬಿಡಬಹುದು. ಇವರಿಗೆ ನನಗಿಂತ ಕೆಟ್ಟದ್ದು ಆಗಿ, ಅದು ಮಾಯ್ದಿತ್ತು. ನನಗೆ ಅವರ ಕಲೆಯ ಮೇಲೆಯೇ ಹೊಟ್ಟೆಕಿಚ್ಚು ಹತ್ತಿತು. ಅಂಥದೊಂದು ಕಲೆ ನನಗೂ ಬೇಕು ಅನ್ನಿಸಿತು. ಎಂಟು ತಿಂಗಳು ಅಂದಿದ್ದರು. ನಾನು ಏಳರಲ್ಲಿ ಮಾಯಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಹೆಸರುಕಾಳು ತಿಂದೆ, ಮೊಸರು ತಿಂದೆ, ಬೀಡಿ ಬಿಟ್ಟೆ. ಎಡಮಗ್ಗುಲು, ಬೋರಲು, ಮತ್ತೆ ಎಡಮಗ್ಗುಲು. ಎರಡು ತಾಸಿಗೊಮ್ಮೆ ಹೊಳ್ಳಿಸು ಎಂದು ನಾನೇ ಹೆಂಡತಿಯನ್ನು ಕೂಗಿ ಕರೆಯತೊಡಗಿದೆ. ಮೊದಲು ಅವಳು ಬಂದರೆ ಬೈಯುತ್ತಿದ್ದೆ.

ಒಂಬತ್ತು ತಿಂಗಳು ಹಿಡಿಯಿತು. ಅವರಿಗಿಂತ ಒಂದು ತಿಂಗಳು ಹೆಚ್ಚು. ಸೋತೆ.

ಡಾಕ್ಟರ್ ಕೂಡಲು ಒಪ್ಪಿಗೆ ಕೊಟ್ಟರು. ಮೊದಲು ಕಾಲು ತಾಸು, ಚರ್ಮ ನೋಡಿ ಅರ್ಧ ತಾಸು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೊತ್ತು ಹೆಚ್ಚಿಸಿದೆವು. ಅಷ್ಟರಲ್ಲಿ ಮತ್ತೆ ಒಣದ್ರಾಕ್ಷಿಯ ಹಂಗಾಮು ಬಂತು. ಟೇಲರ್ ಎರಡನೆಯ ಪ್ಯಾಂಟು ಕೊಡಲು ಬಂದ ದಿನವೇ ನನ್ನ ಪಡಸಾಲೆಯಲ್ಲಿ ಸಾಂಗಲಿ ಕಡೆಯ ಒಬ್ಬ ವ್ಯಾಪಾರಿ, ತಿಕೋಟಾದ ಒಬ್ಬ ರೈತ, ನಡುವೆ ನಾನು. ಟೇಲರ್ ಗೋಡೆಯ ಕಡೆ ಕುರ್ಚಿ ಹಚ್ಚಿ ಕೂತರು. ಮಾತು ಬಿಗಿಯಾಗಿತ್ತು. ವ್ಯಾಪಾರಿ ಒಂದೇ ದರ ಹಿಡಿದು ಕುಳಿತಿದ್ದ. ರೈತ ನನ್ನ ಮುಖ ನೋಡುತ್ತಿದ್ದ. ನಾನು ಗೂಟವಾಗಿದ್ದೆ. ಹೊತ್ತು ಹೋಗುತ್ತಿತ್ತು, ನನಗೆ ಗೊತ್ತಿತ್ತು, ಆದರೆ ಏಳುವ ಹಾಗಿರಲಿಲ್ಲ. ಎದ್ದರೆ ಸೌದಾ ಹೋಗುತ್ತದೆ, ಕುಳಿತರೆ ಚರ್ಮ ಹೋಗುತ್ತದೆ.

ಗೋಡೆಯ ಕಡೆಯಿಂದ ಟೇಲರ್ ಮೈಯೆತ್ತಿ ತೇಲಿದರು. ಇಳಿದರು. "ಸಾವಕಾರ್ರ, ಒಂದ ತೋಳು ಆತ್ರಿ," ಅಂದರು. ವ್ಯಾಪಾರಿಗೆ ತಿಳಿಯಲಿಲ್ಲ. ನಾನು ಕೇಳದವನ ಹಾಗೆ ಇದ್ದೆ. ಸ್ವಲ್ಪ ಹೊತ್ತಿಗೆ, "ಕಾಲರ್ರೂ ಆತ್ರಿ," ಅಂದರು.

ಎಲ್ಲರೆದುರು ಈ ಟೇಲರ್ ನನಗೆ ಪಾಠ ಹೇಳುತ್ತಾನಲ್ಲ ಎಂಬ ಸಿಟ್ಟಿಗೇ ನಾನು ಎರಡೂ ಅಂಗೈ ಊರಿ ಎದ್ದೆ. ವ್ಯಾಪಾರಿ ಕೈಯಲ್ಲಿದ್ದ ಚಹಾ ಕಪ್ಪು ಕೆಳಗಿಟ್ಟ.

"ಅರೆ, ಎದ್ರ್ಯಾಕ ದಲಾಲ್ರ? ಕುಂದರ್ರಿ, ಕುಂದರ್ರಿ. ನಾ ಏನ್ ಇದ ಕಡೀ ಮಾತಂತ ಅಂದೇನೇನು?"

ನಾನು ಇಳಿಯಲಿಲ್ಲ. ಇಳಿಯಬಾರದು ಎಂದು ಜಾಣತನದಿಂದಲ್ಲ, ಚರ್ಮಕ್ಕೆ ಪೂರಾ ಒಂದೆರಡು ನಿಮಿಷ ರಕ್ತ ಓಡಬೇಕು ಎಂದು. ಆ ಮನುಷ್ಯ ಎರಡು ಸಲ ದರ ಏರಿಸಿದ. ಸೌದಾ ಕುದುರಿತು. ಎಲ್ಲರೂ ಹೋದ ಮೇಲೆ ಟೇಲರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದಿನಕ್ಕ ನಲವತ್ತ ಸಲ ಸೌದಾ ಮುರೀರಿ ಸಾವಕಾರ್ರ. ಎಲ್ಲಾರೂ ನಿಮ್ಮನ್ನ ಕುಂದ್ರಸಾಕ ಬರ್ತಾರ."

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಬಜಾರಿನಲ್ಲಿ ಒಂದು ದಿನ ನಿಲ್ಲದ ಮನುಷ್ಯ, ಮೂವತ್ತು ವರ್ಷದ ದಲಾಲನಿಗೆ ಕಸುಬಿನ ಎಲ್ಲಕ್ಕಿಂತ ದೊಡ್ಡ ಪಟ್ಟನ್ನು ಗೋಡೆಗೆ ಕೂತು ಹೇಳಿಕೊಟ್ಟಿದ್ದರು. ಆ ಪಟ್ಟನ್ನು ಇವತ್ತಿಗೂ ಬಳಸುತ್ತೇನೆ. ಬಳಸುವಾಗೆಲ್ಲ, ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮುಂದಿನ ಮೂರು ವರ್ಷ ನಮ್ಮಿಬ್ಬರ ನಡುವೆ ಒಂದು ರೂಢಿ ಬಿತ್ತು. ಮುಂಜಾನೆ ಕನ್ನಡಿ ನೋಡಿಯಾದ ಮೇಲೆ ಯಾರಾದರೊಬ್ಬರು ಫೋನು ಮಾಡುವುದು. "ಏನರ ಐತೇನ್ರಿ?" "ಏನಿಲ್ರಿ. ನಿಮ್ಮದು?" "ಏನಿಲ್ಲ." ಅಷ್ಟೇ ಮಾತು. ಅವರು "ಏನಿಲ್ಲ" ಅಂದಾಗ ನನಗೆ ಖುಷಿಯಾಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ದಿನವಾದರೂ "ಸ್ವಲ್ಪ ಕೆಂಪಾಗೇತ್ರಿ" ಅನ್ನಲಿ ಎಂದು ಕಾಯುತ್ತಿದ್ದೆ. ಅನ್ನಲಿಲ್ಲ. ಹಾಗಾಗಿ ನಾನೂ ಅನ್ನುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕಾರಿನ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿ ಆರಿಸಿ, ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಕೂಡುತ್ತಿದ್ದೆ. ಬೆವರಿದರೆ ಬಟ್ಟೆ ಬದಲಿಸುತ್ತಿದ್ದೆ. ಅವರ ಮುಂದೆ ಸೋಲಬಾರದು, ಅಷ್ಟೇ.

ಹೋದ ವರ್ಷ ಅವರಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಕಿಡ್ನಿಗೆ ಹತ್ತಿತು. ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದ ಮಾತನ್ನು ಇಲ್ಲಿಯ ತನಕ ಹೆಂಡತಿಗೂ ಹೇಳಿಲ್ಲ. ಮಲಗಿದಲ್ಲೇ ಮಲಗಿದ್ದಾರೆ, ಈಗ ಅವರಿಗೂ ಆಗುತ್ತದೆ, ಅಂದುಕೊಂಡೆ.

ನೋಡಲು ಹೋದೆ. ಮುಖ ಬೂದಿಯಾಗಿತ್ತು, ಪಾದ ಬಾತಿದ್ದವು. ಅವರ ಹೆಂಡತಿ, 'ಇರ್ರಿ ಅಣ್ಣಾರ' ಎಂದು ನನ್ನನ್ನು ಸರಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಹಾಕಿ ಅವರನ್ನು ಮಗ್ಗುಲಾಗಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟರು. ನನ್ನ ಕಣ್ಣು ಅಂಗಿ ಸರಿದ ಅವರ ಬೆನ್ನಿನ ಕಡೆಗೇ ಹೋಯಿತು. ಗೋಡೆಯ ಕಡೆ ಮುಖ ಮಾಡಿದ್ದ ಟೇಲರ್‌ಗೆ ಅದು ಹೇಗೆ ಗೊತ್ತಾಯಿತೋ.

"ನನ್ನ ಮಾರಿ ನೋಡಾಕ ಬಂದಿಲ್ಲ ಇವರು," ಅಂದರು ಹೆಂಡತಿಗೆ. "ಬೆನ್ನ ನೋಡಾಕ ಬಂದಾರ."

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ನೋಡ್ರಿ ಸಾವಕಾರ್ರ, ನಾಚಬ್ಯಾಡ್ರಿ. ನಾನೂ ದಿನಾ ಫೋನ ಹಚ್ತಿದ್ದು ನಿಮಗ ಏನರ ಆಗೇತೇನು ಅಂತ ಕೇಳಾಕ. ನೀವು ಏನಿಲ್ಲ ಅಂದ್ರ ಮತ್ತ ಅಂಗೈ ಊರಿ ಏಳ್ತಿದ್ನಿ."

ಆ ಮೂರು ವರ್ಷ ನಾನು ಒಬ್ಬನೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಕೈ ಕೊಟ್ಟೆ. ಹಿಡಿದರು. ಹಿಡಿತದಲ್ಲಿ ಬಲ ಇರಲಿಲ್ಲ. ನಾಲ್ಕು ದಿನಕ್ಕೆ ಹೋದರು.

ಬಬಲೇಶ್ವರದ ಮನೆಯಲ್ಲಿ ಅವರನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಇಸ್ತ್ರಿ ಮಾಡಿದ ಬಿಳಿ ಶರ್ಟು. ಭಜನೆ ನಡೆದಿತ್ತು. ಅವರ ಹೆಂಡತಿ ನನ್ನ ಗಾಲಿಕುರ್ಚಿಯ ಹತ್ತಿರ ಬಂದು ನೆಲದ ಮೇಲೆ ಕುಳಿತರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವರೇ ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ, "ಮುಂಜಾನೆ ನಾನ ಮೈ ತೊಳದ್ನಿ ಅಣ್ಣಾರ. ಆ ಹಳೇದೊಂದ ಕಲಿ. ಹನ್ನೊಂದ ವರ್ಷ, ಹೊಸದೊಂದ ಆಗಾಕ ಬಿಡ್ಲಿಲ್ರಿ," ಅಂದರು. ಆ ಮಾತು ನನ್ನೊಬ್ಬನಿಗೇ ಹೇಳುವಂಥದ್ದು ಎಂದು ಅವರಿಗೆ ಗೊತ್ತಿತ್ತು.

ಅವರ ಹೊಲದಲ್ಲಿ ಕುಣಿ ತೋಡಿದ್ದರು. ಎರೆ ಮಣ್ಣಿನಲ್ಲಿ ನನ್ನ ಗಾಲಿ ಹೂತುಕೊಂಡವು. ಬದುವಿನ ಹತ್ತಿರವೇ ನಿಂತೆ. ಅವರನ್ನು ಕುಳಿತ ಹಾಗೆಯೇ ಹೊತ್ತು ನನ್ನ ಮುಂದಿನಿಂದ ಒಯ್ದರು. ಅಲ್ಲಿಯೂ ಅವರೇ ಮುಂದೆ ಹೋದರು. ಎಲ್ಲರೂ ಮಣ್ಣು ಹಾಕುವಾಗ ನಾನು ಕುರ್ಚಿಯಿಂದ ಬಗ್ಗಿ ಒಂದು ಹಿಡಿ ತೆಗೆದು ಪಕ್ಕದವರ ಕೈಗೆ ಕೊಟ್ಟೆ. ಅವರು ಮುಂದಿನವರಿಗೆ ಕೊಟ್ಟರು. ಕೈಯಿಂದ ಕೈಗೆ ಹೋಗಿ ಅದು ಮುಟ್ಟಿತು.

ಸಂಜೆ ಮನೆಗೆ ಬಂದು ಸ್ನಾನ ಮಾಡಿಸಿಕೊಂಡು ಮಂಚದ ಮೇಲೆ ಬಿದ್ದೆ. ಆಮೇಲೆ ನಾನೇ, "ಹನ್ನೊಂದ ವರ್ಷ ಅಂತ," ಅಂದೆ.

ಹೆಂಡತಿ ಟವೆಲ್ ಹಿಂಡುತ್ತಿದ್ದಳು. "ನಮ್ಮದು ಎಷ್ಟಾತ್ರಿ?"

"ಮೂರು."

ಅವಳು ಟವೆಲ್ ಹರವಿ, ಕೈ ಒರೆಸಿಕೊಂಡು, ಕನ್ನಡಿ ತೆಗೆದುಕೊಂಡಳು.

"ಹಂಗಾರ ಇನ್ನ ಎಂಟ ಉಳದಾವ," ಅಂದಳು. "ಹೊಳ್ರಿ ಆ ಕಡೆ."